ಆನ್‌ಲೈನ್‌ನಲ್ಲಿ ಎಷ್ಟು ಅರ್ಜಿ ಹಾಕಿದರೂ ಕರೆ ಬರುತ್ತಿಲ್ಲ, ಏನು ಮಾಡಲಿ?

ಮೊದಲು ರೆಸ್ಯೂಮೆ ಪರೀಕ್ಷಿಸಿ. ದೊಡ್ಡ ಕಂಪನಿಗಳಲ್ಲಿ ಅದನ್ನು ಸಾಮಾನ್ಯವಾಗಿ ಮೊದಲು ಓದುವುದು ಸಾಫ್ಟ್‌ವೇರ್. ಹೆಸರು, ಅನುಭವ, ಕೌಶಲ ಎಂದು ವಿಂಗಡಿಸಿ ಇಡುತ್ತದೆ. ಎರಡು ಕಾಲಂ, ಟೇಬಲ್, ಹೆಡರ್‌ನೊಳಗಿನ ಫೋನ್ ನಂಬರ್ ಇದ್ದರೆ ಅದು ಎಡವುವುದುಂಟು. ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಸಾಲುಗಳು ಕಲಸಿಹೋದರೆ ಒಂದೇ ಕಾಲಂಗೆ ಬದಲಿಸಿ. ಏನೂ ಪೇಸ್ಟ್ ಆಗದಿದ್ದರೆ ನಿಮ್ಮ ಫೈಲ್ ಬರೀ ಚಿತ್ರ, ಅಂದರೆ ಸ್ಕ್ಯಾನ್ ಮಾಡಿದ್ದು. ವರ್ಡ್‌ನಲ್ಲಿ ಟೈಪ್ ಮಾಡಿ ಹೊಸ ಪಿಡಿಎಫ್ ಮಾಡಿಕೊಳ್ಳಿ.

ಆಮೇಲೆ ಪದಗಳು. ಜಾಹೀರಾತಿನಲ್ಲಿ 'ಎಕ್ಸೆಲ್, ಪಿವೋಟ್ ಟೇಬಲ್' ಎಂದಿದ್ದು, ಅದು ನಿಮಗೆ ಬರುತ್ತಿದ್ದರೆ 'ಕಂಪ್ಯೂಟರ್ ಜ್ಞಾನವಿದೆ' ಎಂದು ತೇಲಿಸಬೇಡಿ, ಅದೇ ಪದ ಹಾಕಿ. ನೇಮಕಾತಿಯವರು ಸರ್ಚ್‌ನಲ್ಲಿ ಟೈಪ್ ಮಾಡುವುದೂ ಅದನ್ನೇ. ಸಾಫ್ಟ್‌ವೇರ್‌ಗೆ ಮಾತ್ರ ಕಾಣಲಿ ಎಂದು ಕೆಲವರು ಬಿಳಿ ಅಕ್ಷರದಲ್ಲಿ ಪದಗಳನ್ನು ಅಡಗಿಸಿಡುತ್ತಾರೆ. ಫೈಲ್‌ನಿಂದ ಪಠ್ಯವನ್ನಷ್ಟೇ ಹೊರತೆಗೆದು ನೋಡಿದಾಗ ಅದೆಲ್ಲ ಬಟಾಬಯಲು.

ಫಾರ್ಮ್‌ನಲ್ಲಿ ಕೇಳುವ 'ಎಷ್ಟು ವರ್ಷ ಅನುಭವ', 'ಯಾವಾಗ ಸೇರುತ್ತೀರಿ' ಎಂಬ ಪ್ರಶ್ನೆಗಳನ್ನು ಹಗುರವಾಗಿ ಕಾಣಬೇಡಿ. ಇವುಗಳ ಉತ್ತರ ನೋಡಿಯೇ ಅರ್ಜಿಯನ್ನು ತಾನಾಗಿ ತಿರಸ್ಕರಿಸುವಂತೆ ಸಿಸ್ಟಂ ಹೊಂದಿಸಿರಬಹುದು, ರೆಸ್ಯೂಮೆ ಯಾರೂ ತೆರೆಯುವುದೇ ಇಲ್ಲ.

ಜಾಹೀರಾತು ಬಂದ ಎರಡು ಮೂರು ದಿನದೊಳಗೇ ಅರ್ಜಿ ಹಾಕಿ. ಸಾಕಷ್ಟು ಅರ್ಜಿ ಸಿಕ್ಕರೆ ಕೊನೆಯ ದಿನಾಂಕದವರೆಗೆ ಎಲ್ಲರೂ ಕಾಯುವುದಿಲ್ಲ.