ಹೊಸ ಟ್ಯಾಂಕಿನಾಗ ಮೀನು ಯಾಕ ಉಳಿಯಂಗಿಲ್ಲ

ನೀರು ಕನ್ನಡಿ ಹಂಗ ತಿಳಿ ಅದ, ಆದ್ರೂ ಎಂಟು ದಿನದಾಗ ಆರು ಗಪ್ಪಿ ಸತ್ತುವು, ಎರಡೇ ಉಳದಾವ ಅಂತ ಬರದೀರಿ. ಆ ತಿಳಿ ನೀರನ್ನ ನಂಬಬ್ಯಾಡ್ರಿ ಸರ. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಅನ್ನೋ ವಿಷ ಆಗ್ತದ, ಅದು ಕಣ್ಣಿಗೆ ಕಾಣಂಗಿಲ್ಲ. ಅದನ್ನ ಮೊದಲು ನೈಟ್ರೈಟ್, ಆಮೇಲೆ ಅಷ್ಟೇನು ವಿಷವಲ್ಲದ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಾಗ ಬೆಳೀಲಿಕ್ಕೆ 4ರಿಂದ 6 ವಾರ ಬೇಕು. ನೀವು ಸ್ಪಂಜನ್ನ ದಿನಾ ನಳದ ನೀರಾಗ ತಿಕ್ಕಿ ತೊಳೀತೀನಿ ಅಂದೀರಲ್ಲ, ತಪ್ಪು ಅಲ್ಲೇ ಆಗೇದ. ನಳದ ಕ್ಲೋರಿನ್ ಆ ಬ್ಯಾಕ್ಟೀರಿಯಾನ ಕೊಲ್ತದ. ಟ್ಯಾಂಕಿನದೇ ನೀರು ಬಕೀಟಿಗೆ ತಗೊಂಡು ಅದರಾಗ ಎರಡು ಸಲ ಹಿಂಡಿದ್ರ ಸಾಕು, ಅದೂ ತಿಂಗಳಿಗೊಮ್ಮೆ.

ಇಲ್ಲೇ ವಿಜಯಪುರದಾಗ ನಾವು ಹತ್ತು-ಹನ್ನೆರಡು ಮಂದಿ ಮೀನು ಸಾಕೋರು ಒಬ್ಬೊಬ್ಬರ ಮನ್ಯಾಗ ಕೂಡ್ತೀವಿ. ನನ್ನ ಮೊದಲನೇ ಟ್ಯಾಂಕ್ ಉಳಿದದ್ದು ಅಲ್ಲಿ ಒಬ್ಬ ಕಾಕಾ ಕೊಟ್ಟ, ಈ ಬ್ಯಾಕ್ಟೀರಿಯಾ ಮೊದಲೇ ಬೆಳೆದು ಕಂದು ಲೋಳಿ ಹತ್ತಿದ ಹಳೇ ಸ್ಪಂಜಿನಿಂದ. ಮೂಗಿಗೆ ಹಿಡಿದ್ರ ಮಳಿ ಬಿದ್ದ ಎರೀ ಹೊಲದ ವಾಸನಿ. ಅಂಥಾದ್ದು ಈಗ ನನ್ನ ಕಡೆ ಅದ, ಬಂದು ಒಯ್ಯಿರಿ. ನಮ್ಮ ಬೋರಿನ ಗಡಸು ನೀರಿಗೆ ಗಪ್ಪಿ, ಮೋಲಿ ಛಲೋ ಒಗ್ತಾವ. ನಿಯಾನ್ ಟೆಟ್ರಾ ಮೀನು ಸದ್ಯ ಬ್ಯಾಡ.

ಉಳಿದ ಎರಡಕ್ಕ ಇವತ್ತು ಆಹಾರ ಹಾಕಬ್ಯಾಡ್ರಿ. ಕ್ಲೋರಿನ್ ತೆಗೆಯೋ ಹನಿ ಹಾಕಿದ ನೀರಿನಿಂದ ಕಾಲುಭಾಗ ಬದಲಿಸ್ರಿ.