ನುಡಿಯಲ್ಲಿ ಮಾಡಿದ ಟೇಬಲ್ ಎಕ್ಸೆಲ್‌ಗೆ ಪೇಸ್ಟ್ ಮಾಡಿದರೆ ಅಕ್ಷರ ಯಾಕೆ ಕೆಡುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ರೈತರ ಹೆಸರು, ಊರು, ಸರ್ವೆ ನಂಬರ್ ಇರುವ ಟೇಬಲ್ ವರ್ಡ್‌ನಲ್ಲಿದೆ, ಟೈಪ್ ಮಾಡಿದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಎಕ್ಸೆಲ್‌ಗೆ ಪೇಸ್ಟ್ ಮಾಡಿದರೆ ಕನ್ನಡ ಹೋಗಿ ಇಂಗ್ಲಿಷಿನ ಏನೇನೋ ಅಕ್ಷರ ಬರುತ್ತವೆ. ನುಡಿ ಫಾಂಟ್ ಹಾಕಿದರೆ ಸರಿ ಕಾಣುತ್ತದೆ, ಬೇರೆ ಕಂಪ್ಯೂಟರಿಗೆ ಹೋದರೆ ಮತ್ತೆ ಅದೇ ಗೋಳು. ನಾನು ಗಂಗಾವತಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಈ ತೊಂದರೆ ಹಿಡಿದುಕೊಂಡು ಬರುವವರು ತುಂಬಾ ಜನ.

ಮೊದಲು ಒಂದು ಪರೀಕ್ಷೆ ಮಾಡಿ. ಎಕ್ಸೆಲ್‌ನಲ್ಲಿ ಸರಿಯಾಗಿ ಕಾಣುವ ಒಂದು ಹೆಸರಿನ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಬಾರ್ ನೋಡಿ. ಸೆಲ್‌ನಲ್ಲಿ ಕನ್ನಡ, ಫಾರ್ಮುಲಾ ಬಾರ್‌ನಲ್ಲಿ ಇಂಗ್ಲಿಷ್ ಇದ್ದರೆ ನಿಮ್ಮ ಫೈಲ್ ಹಳೆಯ ಆಸ್ಕಿ ನುಡಿಯದ್ದು, ಅಂದರೆ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ ಕನ್ನಡ ತೋರಿಸುವ ಹಳೆಯ ಪದ್ಧತಿಯದ್ದು. ಅದರಲ್ಲಿ 'ಕ' ಅನ್ನುವ ಅಕ್ಷರವೇ ಇರುವುದಿಲ್ಲ. ಇರುವುದು ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟಿರುವ 'ಎ'. ಅವೆರಡನ್ನೂ 'ಕ' ಆಗಿ ಬರೆದು ತೋರಿಸುವುದು ಫಾಂಟ್. ಫಾಂಟ್ ಹೋದರೆ ಕನ್ನಡವೂ ಹೋಯಿತು. ಬರಹ ಎಂಬ ಇನ್ನೊಂದು ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳೂ ಹೀಗೇ.

ಹಾಗಾಗಿ ಎಕ್ಸೆಲ್‌ನಲ್ಲಿ ಫಾಂಟ್ ಬದಲಿಸುತ್ತಾ ಕೂರಬೇಡಿ. ಹೊರಗೆ ಚೆಂದ ಕಂಡರೂ ಒಳಗೆ ಕೆಲಸ ಆಗುವುದಿಲ್ಲ. ಊರಿನ ಹೆಸರಿನ ಪ್ರಕಾರ ಸಾರ್ಟ್ ಮಾಡಿದರೆ ರಾಯಚೂರು ಮೊದಲು, ಕೊಪ್ಪಳ ಆಮೇಲೆ ಬರುತ್ತದೆ. ಯಾಕೆಂದರೆ ಒಳಗೆ 'ರ' ಇರುವುದು 'ಜಿ' ಆಗಿ, 'ಕ' ಇರುವುದು 'ಪಿ' ಆಗಿ. ಒಬ್ಬ ಅಕ್ಕ ತಮ್ಮ ಸಂಘದ ಪಟ್ಟಿಗೆ ಎರಡು ದಿನ ಕೂತು ಕಾಲಂ ಕಾಲಂಗೂ ಫಾಂಟ್ ಹಾಕಿದ್ದರು. ಫಿಲ್ಟರ್ ಬಾಣ ಒತ್ತಿದರೆ ಒಂದು ಹೆಸರೂ ಓದಲು ಬರಲಿಲ್ಲ. ಅವರ ಮುಖ ನೋಡಿ ನನಗೇ ಸಂಕಟವಾಯಿತು.

ಪರಿಹಾರ ಒಂದೇ. ಪೇಸ್ಟ್ ಮಾಡುವ ಮೊದಲೇ ಯುನಿಕೋಡ್‌ಗೆ, ಅಂದರೆ 'ಕ' ಅನ್ನು 'ಕ' ಆಗಿಯೇ ಇಡುವ ಪದ್ಧತಿಗೆ, ಬದಲಿಸಿಕೊಳ್ಳಿ. ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಇದೆ. ಆದರೆ ಇಡೀ ಟೇಬಲ್ಲನ್ನು ಒಮ್ಮೆಗೇ ಕೊಡಬೇಡಿ. ಇಂಗ್ಲಿಷಿನಲ್ಲಿ ಬರೆದ ಬ್ಯಾಂಕ್ ಹೆಸರು, ಐಎಫ್ಎಸ್‌ಸಿ ಕೋಡ್ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಬದಲಿಸಿ ಹಾಳುಮಾಡುತ್ತದೆ. ಹೆಸರು, ಊರಿನ ಕಾಲಂ ಮಾತ್ರ ಕೊಡಿ. ಒಂದೇ ಸೆಲ್‌ನಲ್ಲಿ ಎಂಟರ್ ಒತ್ತಿ ಎರಡು ಸಾಲು ಬರೆದಿದ್ದರೆ ಮೊದಲು ವರ್ಡ್‌ನಲ್ಲೇ ಒಂದು ಸಾಲು ಮಾಡಿ. ಇಲ್ಲದಿದ್ದರೆ ಅಲ್ಲಿಂದ ಕೆಳಗೆ ಸಾಲುಗಳು ಜಾರಿ, ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಜಮೀನು ಕೂರುತ್ತದೆ.

ಬದಲಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಿ: ಧರ್ಮಣ್ಣ, ಪಾರ್ವತಮ್ಮ, ದುರ್ಗಪ್ಪ. ಹಳೆಯ ನುಡಿಯಲ್ಲಿ ಅರ್ಕಾವತ್ತನ್ನು ಅಕ್ಷರ ಆದ ಮೇಲೆ ಇಡುತ್ತಾರೆ, ಯುನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ತಪ್ಪಾದರೆ ಜಾಸ್ತಿ ಇಲ್ಲೇ ಆಗುವುದು.

ಇನ್ನು ಸರ್ವೆ ನಂಬರ್. 12/3 ಅಂತ ಪೇಸ್ಟ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡುತ್ತದೆ; ಕಂಪ್ಯೂಟರಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ ಬರುವ ಸೆಟ್ಟಿಂಗ್ ಇದ್ದರೆ ಮಾರ್ಚ್ 12. 112/2 ಹಾಗೇ ಉಳಿಯುತ್ತದೆ, ಅದಕ್ಕೇ ಕೆಲವು ಮಾತ್ರ ಕೆಟ್ಟಂತೆ ಕಾಣುವುದು. ಆಮೇಲೆ ಟೆಕ್ಸ್ಟ್ ಅಂತ ಬದಲಿಸಿದರೂ ಪ್ರಯೋಜನವಿಲ್ಲ. 2025ರಲ್ಲಿ ಪೇಸ್ಟ್ ಮಾಡಿದ್ದರೆ ಸೆಲ್‌ನಲ್ಲಿ 45728 ಬಂದು ನಿಲ್ಲುತ್ತದೆ, ಅದು ಆ ತಾರೀಖಿಗೆ ಎಕ್ಸೆಲ್ ಒಳಗೆ ಇಟ್ಟುಕೊಂಡ ಸಂಖ್ಯೆ. ಖಾಲಿ ಕಾಲಂಗಳನ್ನು ಮೊದಲೇ ಸೆಲೆಕ್ಟ್ ಮಾಡಿ, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಕೊಡಿ. ನಂತರ ರೈಟ್ ಕ್ಲಿಕ್ ಮಾಡಿ ಮ್ಯಾಚ್ ಡೆಸ್ಟಿನೇಷನ್ ಫಾರ್ಮ್ಯಾಟಿಂಗ್ ಆರಿಸಿ ಪೇಸ್ಟ್ ಮಾಡಿ. ಬ್ಯಾಂಕ್ ಖಾತೆ ನಂಬರಿಗೂ ಇದೇ ದಾರಿ. ಎಕ್ಸೆಲ್ 15 ಅಂಕಿಯ ಆಚೆ ಇರುವುದನ್ನೆಲ್ಲ ಸೊನ್ನೆ ಮಾಡಿಬಿಡುತ್ತದೆ, ಮುಂದಿರುವ ಸೊನ್ನೆಯನ್ನು ನುಂಗುತ್ತದೆ. ರೈತರ ದುಡ್ಡಿನ ವಿಷಯ, ಇದನ್ನು ದಯವಿಟ್ಟು ಸುಮ್ನೆ ಬಿಡಬೇಡಿ.

ವರ್ಡ್‌ನ ಮೂಲ ಫೈಲ್ ಅಳಿಸದೆ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಯಾರದ್ದಾದರೂ ಹೆಸರು ಅನುಮಾನ ಬಂದರೆ ತಾಳೆ ನೋಡಲು ಅದೇ ಬೇಕಾಗುತ್ತದೆ.