ಪಟ್ಟಿಯ ಕೊನೆಯ ಸಾಲು

ತಂಗಿ, ಶರಣು.

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಅವಸರದಲ್ಲಿ ಉತ್ತರ ಬರೆಯುವ ಪತ್ರ ಅದಲ್ಲ, ಅದಕ್ಕೇ ತಡವಾಯಿತು. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ನೀವು ವಿಜಯಪುರದಲ್ಲಿ ಶಿಕ್ಷಕಿ. ದಿನಾ ರಾತ್ರಿ ಮರುದಿನದ ಕೆಲಸಗಳ ಪಟ್ಟಿ ಬರೆಯುತ್ತೀರಿ. ಹತ್ತು ಹನ್ನೆರಡು ಕೆಲಸಕ್ಕೆ ಟಿಕ್ ಬೀಳುತ್ತದೆ. ‘ಆಯಿಯ ಬೀಸುವ ಪದ, ಪುಸ್ತಕ’ (ಅಂದರೆ ಆಯಿ ಬೀಸುವ ಕಲ್ಲು ತಿರುವುತ್ತ ಹಾಡುವ ಪದಗಳನ್ನು ಬರೆದು ಪುಸ್ತಕ ಮಾಡುವುದು) ಎಂಬ ಕೊನೆಯ ಸಾಲು ಮಾತ್ರ ಎರಡು ವರ್ಷದಿಂದ ಈ ಹಾಳೆಯಿಂದ ಆ ಹಾಳೆಗೆ ಹೋಗುತ್ತಲೇ ಇದೆ. ಸಿಂದಗಿ ಹತ್ತಿರದ ಹಳ್ಳಿಯಲ್ಲಿರುವ ಆಯಿಗೆ, ಅಂದರೆ ನಿಮ್ಮ ಅಜ್ಜಿಗೆ, ಈಗ 84. ‘ನನಗೆ ಶಿಸ್ತಿಲ್ಲ ಅನಿಸುತ್ತದೆ, ಏನು ಮಾಡಲಿ?’ ಎಂದು ಕೇಳಿದ್ದೀರಿ.

ಶಿಸ್ತಿಲ್ಲದವರು ಎರಡು ವರ್ಷ ದಿನಾ ಪಟ್ಟಿ ಬರೆಯುವುದಿಲ್ಲ ತಂಗಿ. ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ.

ಪತ್ರದ ಜೊತೆ ಒಂದು ದಿನದ ಪಟ್ಟಿಯನ್ನೂ ಕಳಿಸಿದ್ದೀರಲ್ಲ, ಅದನ್ನು ಎದುರಿಗಿಟ್ಟುಕೊಂಡು ಕೂತೆ. ಕರೆಂಟ್ ಬಿಲ್ಲು. ಮಗನ ಟ್ಯೂಷನ್ ಫೀ. ಹಾಜರಿ ಪುಸ್ತಕ. ಅತ್ತೆಯ ಬಿಪಿ ಗುಳಿಗೆ. ಗಿರಣಿಯಿಂದ ಜೋಳದ ಹಿಟ್ಟು. ‘ಇದು ಆಗದಿದ್ದರೆ ಯಾರು ಕೇಳುತ್ತಾರೆ?’ ಎಂದು ನೋಡುತ್ತ ಹೋಗಿ, ಒಂದೊಂದರ ಮುಂದೆ ಅವರನ್ನು ಪೆನ್ಸಿಲ್‌ನಲ್ಲಿ ಬರೆದೆ. ಹೆಡ್ ಮಾಸ್ತರು, ಮಗ, ಅತ್ತೆ, ಮನೆಯವರು. ಕೊನೆಯ ಸಾಲಿನ ಮುಂದೆ ಬರೆಯಲು ಯಾರೂ ಸಿಗಲಿಲ್ಲ. ಆಯಿ ಕೇಳುವವರಲ್ಲ. ಗಿರಣಿಯ ಹಿಟ್ಟನ್ನು ನೋಡಿ ಮನಸ್ಸು ಒಂದು ಗಳಿಗೆ ಅಲ್ಲೇ ನಿಂತಿತು. ಗಿರಣಿ ಬಂದ ಮೇಲೇ ಅಲ್ವಾ ಬೀಸುವ ಪದ ಮನೆಗಳಲ್ಲಿ ನಿಲ್ಲುತ್ತ ಬಂದದ್ದು? ಎರಡೂ ನಿಮ್ಮ ಒಂದೇ ಹಾಳೆಯಲ್ಲಿವೆ.

ನಮ್ಮ ಮಾವನವರ ದ್ರಾಕ್ಷಿ ಪಡ (ತೋಟ) ತಿಕೋಟಾ ಕಡೆ ಇದೆ. ಮೇ ತಿಂಗಳಲ್ಲಿ ಅಲ್ಲಿಗೆ ಹೋದರೆ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದಿರುತ್ತದೆ. ಹಣ್ಣು ಕೊಟ್ಟ ಕಡ್ಡಿಗಳನ್ನೆಲ್ಲ ಗಿಡ್ಡಗೆ ಕತ್ತರಿಸಿ, ಬೋಳಾದ ಬಳ್ಳಿಗೆ ಹೊಸ ಚಿಗುರು ಬಂದಿರುತ್ತದೆ. ಆ ಬಿಸಿಲಲ್ಲಿ ನೀರು, ಗೊಬ್ಬರ, ಔಷಧ, ಜಾಸ್ತಿಯಾದ ಚಿಗುರು ಮುರಿಯುವುದು. ಕಣ್ಣಿಗೆ ಒಂದು ಗೊಂಚಲೂ ಕಾಣುವುದಿಲ್ಲ. ಆದರೆ ಮುಂದಿನ ಫಸಲು ಕಡ್ಡಿಯ ಕಣ್ಣೊಳಗೆ ಕೂಡುವುದು ಆ ದಿನಗಳಲ್ಲೇ. ಅಕ್ಟೋಬರ್ ಚಾಟ್ನಿಯ ಮೇಲೆ ಆ ಕಣ್ಣು ಒಡೆದು ಗೊಂಚಲು ಹೊರಬೀಳುತ್ತದೆ, ಫೆಬ್ರುವರಿ ಮಾರ್ಚಿಗೆ ಹಣ್ಣು. ಬೇಸಿಗೆಯಲ್ಲಿ ಕೈಬಿಟ್ಟ ಪಡಕ್ಕೆ ಅಕ್ಟೋಬರಿನಲ್ಲಿ ಎಷ್ಟು ದುಡಿದರೂ ಅಷ್ಟಕ್ಕಷ್ಟೇ. ಮಾವನ ಜೇಬಿನಲ್ಲೂ ಕೆಲಸದ ಚೀಟಿ ಇರುತ್ತದೆ. ನಾನು ನೋಡಿದ್ದೇನೆ, ಅದರಲ್ಲಿ ‘ಹಣ್ಣು’ ಅಂತ ಎಲ್ಲೂ ಬರೆದಿರುವುದಿಲ್ಲ. ಇವತ್ತು ಎಲ್ಲಿಗೆ ನೀರು, ಎಷ್ಟು ಆಳು, ಯಾವ ಔಷಧ, ಅಷ್ಟೇ. ಹಣ್ಣು ಅವರ ತಲೆಯಲ್ಲಿರುತ್ತದೆ. ಚೀಟಿಯಲ್ಲಿ ಏನಿರಬೇಕು ಎಂದು ಅದೇ ಹೇಳುತ್ತದೆ.

ನೀವು ಪಟ್ಟಿಯಲ್ಲಿ ಹಣ್ಣನ್ನೇ ಬರೆದಿದ್ದೀರಿ. ಪುಸ್ತಕ ಒಂದು ದಿನದಲ್ಲಿ ಆಗುವುದಲ್ಲ. ಹಾಗಾಗಿ ಎಷ್ಟು ದುಡಿದ ದಿನವೂ ರಾತ್ರಿ ಅದೊಂದು ಸಾಲು ನಿಮ್ಮನ್ನು ಚುಚ್ಚುತ್ತದೆ.

ನಮ್ಮ ವಿಜಯಪುರದಲ್ಲೇ ಬಾಳಿದ ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ಧಾರವಾಡದಲ್ಲಿ ಹುಟ್ಟಿದವರು, 1904ರಲ್ಲಿ ವಕೀಲಿಗೆಂದು ಇಲ್ಲಿಗೆ ಬಂದರು. ಕೋರ್ಟು, ಕಕ್ಷಿದಾರರು, ಬ್ಯಾಂಕು ಮತ್ತು ಶಿಕ್ಷಣ ಸಂಸ್ಥೆ ಕಟ್ಟುವ ಓಡಾಟ. ಅದರ ನಡುವೆಯೇ ಊರೂರು ತಿರುಗಿ, ಜನ ಜಗಲಿಯ ಮೇಲೆ ಪೂಜೆಗಿಟ್ಟಿದ್ದ ತಾಡವೋಲೆ ಕಟ್ಟುಗಳನ್ನು ಹುಡುಕಿ, ವಚನಗಳನ್ನು ನಕಲು ಮಾಡಿಕೊಂಡರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. ಅಷ್ಟು ವರ್ಷ ಟಿಕ್ ಹಾಕಲು ಅವರ ಬಳಿ ಏನಿತ್ತು? ಇವತ್ತೊಂದು ಕಟ್ಟು ಸಿಕ್ಕಿತು, ಇವತ್ತೊಂದು ಗರಿ ಓದಿ ಮುಗಿಯಿತು, ಅಷ್ಟೇ ಇದ್ದೀತು. 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು.

ಇನ್ನು ನನ್ನದೊಂದು ಮಾತು ಹೇಳಲೇಬೇಕು. ಒಮ್ಮೆ ರಜೆಗೆ ಊರಿಗೆ ಹೋದಾಗ ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ ‘ಬೀಸೋ ಪದ ಹೇಳವ್ವಾ’ ಅಂದೆ. ಎರಡು ಸಾಲು ಹೇಳಿ ನಿಂತಳು. ಮೂರನೆಯದು ಬಾಯಿಗೆ ಬರಲಿಲ್ಲ. ಎದ್ದು ಒಳಗೆ ಹೋದಳು. ಮೂಲೆಯಲ್ಲಿದ್ದ ಬೀಸುವ ಕಲ್ಲಿಗೆ ಒಂದು ಹಿಡಿ ಜೋಳ ಹಾಕಿ, ಗೂಟ ಹಿಡಿದು ತಿರುವತೊಡಗಿದಳು. ಎರಡು ಸುತ್ತು ಬರುವಷ್ಟರಲ್ಲಿ ಮೂರನೇ ಸಾಲು ತಾನಾಗೇ ಬಂತು. ಅದರ ಬೆನ್ನಿಗೆ ಮತ್ತೊಂದು ಪದ, ಮಗದೊಂದು. ಅವತ್ತು 31 ಪದ ಬರೆದುಕೊಂಡೆ. ‘ಉಳಿದದ್ದು ಮುಂದಿನ ರಜೆಗೆ’ ಎಂದು ಕೆಳಗೆ ಗುರುತು ಹಾಕಿದೆ. ಮುಂದಿನ ರಜೆಗೆ ಅವ್ವ ಇರಲಿಲ್ಲ. ಆ ನೋಟ್‌ಬುಕ್ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಮುಕ್ಕಾಲು ಪಾಲು ಖಾಲಿ.

ಅದಕ್ಕೇ ಹೇಳುತ್ತೇನೆ, ಪುಸ್ತಕದ ಚಿಂತೆ ಸದ್ಯ ಬಿಡಿ. ಅದನ್ನು ಐದು ವರ್ಷ ಬಿಟ್ಟೂ ಮಾಡಬಹುದು. ಆಯಿಯ ದನಿಯನ್ನು ಈಗಲೇ ಹಿಡಿದಿಡಬೇಕು. ಪಟ್ಟಿಯ ಕೊನೆಯ ಸಾಲನ್ನು ಹೊಡೆದುಹಾಕಿ, ತಿಂಗಳಿಗೆ ಎರಡು ಭಾನುವಾರ ಆಯಿಗೆ ಕೊಡಿ. ಸಿಂದಗಿ ಸುಮಾರು 60 ಕಿ.ಮೀ. ದೂರ. ಬೆಳಗಿನ ಬಸ್ಸು ಹಿಡಿದರೆ ರಾತ್ರಿ ಅಡುಗೆ ಹೊತ್ತಿಗೆ ವಾಪಸ್ ಬರಬಹುದು. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಆ ಎರಡು ದಿನ ಅತ್ತೆಯ ಗುಳಿಗೆಯನ್ನು ಮಗ ತರಲಿ.

ಅಲ್ಲಿ ಫೋನಿನ ರೆಕಾರ್ಡರ್ ಹಚ್ಚಿ ಪಕ್ಕಕ್ಕಿಡಿ. ಬರೆಯಲು ಹೋಗಬೇಡಿ, ಸುಮ್ನೆ ಕೇಳುತ್ತ ಕೂತುಕೊಳ್ಳಿ. ಬರೆಯುವುದು ಮನೆಯಲ್ಲಿ, ರಾತ್ರಿ ಪಟ್ಟಿ ಬರೆಯುವುದಕ್ಕೆ ಮುಂಚೆ. ಒಂದು ರಾತ್ರಿಗೆ ಒಂದು ತ್ರಿಪದಿ ಸಾಕು. ಮೂರೇ ಸಾಲು, ಹತ್ತು ನಿಮಿಷ. ವಾರಕ್ಕೆ ಎರಡು ದಿನ ತಪ್ಪಿದರೂ ವರ್ಷಕ್ಕೆ 260 ಆಗುತ್ತವೆ. ತಿಳಿಯದ ಮಾತು ಬಂದರೆ ತಿದ್ದಬೇಡಿ. ಆಯಿ ಹಾಡಿದ ಹಾಗೇ ಬರೆದು, ಪಕ್ಕಕ್ಕೆ ಗುರುತು ಹಾಕಿ, ಮುಂದಿನ ಸಲ ಹೋದಾಗ ಕೇಳಿ. ಪಟ್ಟಿ ಬರೆಯುವುದನ್ನೂ ಬಿಡಬೇಡಿ. ಕರೆಂಟ್ ಬಿಲ್ಲು ಕಟ್ಟಲೇಬೇಕಲ್ಲ.

ಪತ್ರದ ಕೊನೆಗೆ ಆಯಿಯ ಪದವೊಂದರ ಎರಡು ಸಾಲು ಬರೆದು, ‘ಮೂರನೆಯದು ಮರೆತಿದೆ’ ಅಂದಿದ್ದೀರಿ. ಈ ಭಾನುವಾರ ಮೊದಲು ಅದನ್ನೇ ಕೇಳಿ. ಕೇಳುವ ಮುಂಚೆ ಆಯಿಯ ಮುಂದೆ ಬೀಸುವ ಕಲ್ಲು ಇಡಿ, ಒಂದು ಹಿಡಿ ಜೋಳ ಹಾಕಿ. ಆ ಸಾಲು ಸಿಕ್ಕಿದ ದಿನ ನನಗೊಂದು ಕಾರ್ಡು ಬರೆಯಿರಿ.